ತೆರೆದ ಜೀಪು, ಮಾಗಿಯ ಚಳಿ

ಚಳಿಯೆಂದೊಡನೆ ಕಾಶ್ಮೀರವನ್ನೋ ಹಿಮಾಲಯದ ತಪ್ಪಲನ್ನೋ ನೆನೆಯುವುದು ಬಯಲುಸೀಮೆಯವರ ರೂಢಿ. ತಮ್ಮ ಊರಿನ ಚಳಿಯನ್ನು ಅವರು ಚಳಿಯೆಂದೇ ಗಣಿಸುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ನಾಲ್ಕು ದಿನ ಮೈ ನಡುಗಿಸಿ, ಶಿವರಾತ್ರಿಯಂದು ‘ಶಿವಶಿವಾ’ ಎನ್ನುತ್ತ ಹೊರಟುಹೋಗುವ ಅತಿಥಿ ಅದು ಎಂಬುದು ಅವರ ಎಣಿಕೆ. ಬಿಸಿಲೇರಿದ ಮೇಲೆ ಬೀದಿಗಿಳಿಯುವವರ ಮಟ್ಟಿಗೆ ಈ ಎಣಿಕೆ ಸರಿಯಾಗಿಯೇ ಇರಬಹುದು. ಆದರೆ ಮಾಗಿಯ ಮುಂಜಾವಿನಲ್ಲಿ, ಇನ್ನೂ ನಕ್ಷತ್ರಗಳು ಮಾಸದಿರುವಾಗ, ಗುಂಡ್ಲುಪೇಟೆಯ ಕಡೆಯಿಂದ ತೆರೆದ ಜೀಪನ್ನೇರಿ ಕಾಡಿನ ಕಚ್ಚಾದಾರಿ ಹಿಡಿದವನು ಹಾಗೆ ಹೇಳಲಾರ. ಅವನ ಕಿವಿ, ಮೂಗು, ಬೆರಳ ತುದಿಗಳು ಬೇರೆಯೇ ಸಾಕ್ಷಿ ನುಡಿಯುತ್ತವೆ.

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಾಮರಾಜನಗರ ಜಿಲ್ಲೆ ಬೆಟ್ಟಗಳ ಮಡಿಲಲ್ಲಿ ಮಲಗಿರುವ ನಾಡು. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಸಾಲು. ಅದರಾಚೆಗೆ, ಹುಲಿಯನ್ನು ವಾಹನವಾಗಿಸಿಕೊಂಡನೆಂದು ಜನ ಕೊಂಡಾಡುವ ಮಾದೇಶ್ವರನ ಏಳುಮಲೆ. ದಕ್ಷಿಣಕ್ಕೆ ಬಂಡೀಪುರದ ಅರಣ್ಯ. ಅದರ ಅಂಚಿನಲ್ಲಿ ಮೋಯಾರ್ ನದಿಯ ಆಳವಾದ ಕಮರಿ. ಕಮರಿಯಾಚೆ ಮುಗಿಲಿಗೆ ಒರಗಿನಿಂತ ನೀಲಗಿರಿ. ಬಂಡೀಪುರದ ಶಿಖರಗಳಲ್ಲಿ ಎತ್ತರವಾದುದು ಗೋಪಾಲಸ್ವಾಮಿ ಬೆಟ್ಟ, 1454 ಮೀಟರ್. ಇಲ್ಲಿ ಹಿಮ ಬೀಳುವುದಿಲ್ಲವಾದರೂ ಮಂಜು ಕವಿಯದ ದಿನಗಳು ಕಡಿಮೆ. ಹಿರಿಯರು ಈ ಬೆಟ್ಟವನ್ನು ‘ಹಿಮವದ್’ ಗೋಪಾಲಸ್ವಾಮಿ ಬೆಟ್ಟವೆಂದು ಕರೆದದ್ದು ಬರಿಯ ಅಲಂಕಾರಕ್ಕಲ್ಲ. ಪೌಷದ ಕೆಲವು ಮುಂಜಾವುಗಳಲ್ಲಿ ಈ ಕಾಡಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುತ್ತದೆ.

ಇಂಥ ಹೊತ್ತಿನಲ್ಲಿ ಬೆಚ್ಚನೆಯ ಹಾಸಿಗೆಯನ್ನು ಬಿಟ್ಟು ತೆರೆದ ಬಂಡಿಯೇರುವವರು ಯಾರು? ಮೊದಲನೆಯವರು ಅರಣ್ಯ ರಕ್ಷಕರು ಮತ್ತು ಕಾವಲುಗಾರರು. ಹುಲಿ ಯೋಜನೆ 1973ರಲ್ಲಿ ಆರಂಭವಾದಾಗ ಮೊದಲ ಒಂಬತ್ತು ರಕ್ಷಿತ ಪ್ರದೇಶಗಳಲ್ಲಿ ಬಂಡೀಪುರವೂ ಒಂದಾಗಿತ್ತು. ಅಂದಿನಿಂದ ಇಂದಿನವರೆಗೆ ಆ ಕಾಡಿನ ದಾರಿಗಳಲ್ಲಿ ಗಸ್ತು ನಿಂತಿಲ್ಲ. ಎರಡನೆಯವರು ರೈತರು. ಗುಂಡ್ಲುಪೇಟೆ, ತೆರಕಣಾಂಬಿಗಳ ಸುತ್ತಿನ ಹೊಲಗಳ ತರಕಾರಿ ಕೇರಳಕ್ಕೂ ನೀಲಗಿರಿಗೂ ಹೋಗುತ್ತದೆ. ಮಾಗಿ ಕಳೆಯುವ ಹೊತ್ತಿಗೆ ಅರಿಶಿನದ ಕೊಯ್ಲೂ ಬರುತ್ತದೆ. ಹೊಲದ ಬದುವಿನಿಂದ ಮಾರುಕಟ್ಟೆಗೆ ಸರಕು ಬರುವುದು ಟ್ರಾಕ್ಟರಿನ ಮೇಲೆ, ಸಾಮಾನು ಸಾಗಿಸುವ ತೆರೆದ ಬಂಡಿಯ ಮೇಲೆ. ಮೂರನೆಯವರು ಕಾಡಂಚಿನ ಹಾಡಿ, ಪೋಡುಗಳ ಜನ. ಡಾಂಬರಿನ ರಸ್ತೆ ಮುಗಿದ ಮೇಲೆಯೂ ಅವರ ದಾರಿ ಮುಗಿದಿರುವುದಿಲ್ಲ. ಜೀಪು ಸಿಕ್ಕರೆ ಜೀಪು, ಇಲ್ಲದಿದ್ದರೆ ಕಾಲ್ನಡಿಗೆ.

ಕಾಡಿನೊಳಗೆ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ವಾಹನ ಸಂಚಾರವನ್ನು 2009ರಿಂದ ನಿರ್ಬಂಧಿಸಲಾಗಿದೆ. ವನ್ಯಜೀವಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದೆಂಬುದು ಇದರ ಉದ್ದೇಶ. ಹೀಗಾಗಿ ಆರು ಗಂಟೆಗೆ ಮೊದಲೇ ಬಂದ ಬಂಡಿಗಳು ತನಿಖಾ ಠಾಣೆಯ ಗೇಟಿನ ಮುಂದೆ ಕಾದುನಿಲ್ಲಬೇಕು. ಕಾಡಿನ ಮೃಗಗಳಿಗೆ ನೆಮ್ಮದಿ ತಂದ ಆ ಹೊತ್ತು ಕಾಯುವ ಮನುಷ್ಯನಿಗೆ ದಿನದ ಅತ್ಯಂತ ತಣ್ಣನೆಯ ಹೊತ್ತು. ಸೂರ್ಯ ಮೂಡುವ ಮುನ್ನಿನ ಗಳಿಗೆಯಲ್ಲಿಯೇ ನೆಲವು ಇರುಳೆಲ್ಲ ಕಳೆದುಕೊಂಡ ಕಾವಿನ ಲೆಕ್ಕ ಪೂರ್ತಿಯಾಗುವುದು.

ಕಾಡಿನ ಪ್ರಯಾಣ ಈ ನಾಡಿಗೆ ಹೊಸದಲ್ಲ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಏರ್ಪಡಿಸಿ ಕಾಡಾನೆಗಳನ್ನು ಹಿಡಿದನು. ಆಗ ದಟ್ಟಡವಿಯಲ್ಲಿ ಸಾಗಲು ಪಳಗಿದ ಆನೆಯ ಬೆನ್ನೇ ವಾಹನ. ಊರಿನಿಂದ ಊರಿಗೆ ಎತ್ತಿನ ಗಾಡಿ. ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದ್ದು ಕುಳಿತವನಿಗೆ ಚಳಿ ಅಷ್ಟಾಗಿ ತಟ್ಟುತ್ತಿರಲಿಲ್ಲ. ಎತ್ತು ನಡೆಯುವ ವೇಗದಿಂದ ಗಾಳಿ ಹುಟ್ಟುವುದಿಲ್ಲ. ಆಮೇಲೆ ಬಂದದ್ದು ಜೀಪು. ಎರಡನೆಯ ಮಹಾಯುದ್ಧದ ಸೈನಿಕರಿಗಾಗಿ ಅಮೆರಿಕದಲ್ಲಿ 1941ರಿಂದ ತಯಾರಾದ ಈ ಬಂಡಿಯ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕಾರ್ಯವನ್ನು ಮಹೀಂದ್ರ ಕಂಪನಿ 1947ರಲ್ಲಿ ಭಾರತದಲ್ಲಿ ಆರಂಭಿಸಿತು. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹಂಚುವ ಜೀಪು ಕೆಸರು, ಕಲ್ಲು, ಹಳ್ಳಗಳನ್ನು ಲೆಕ್ಕಿಸದು. ಆದರೆ ಅದನ್ನು ರೂಪಿಸಿದವರು ಕುಳಿತವನ ಸುಖವನ್ನು ಕುರಿತು ಹೆಚ್ಚು ತಲೆಕೆಡಿಸಿಕೊಂಡಿರಲಿಲ್ಲ. ಬಾಗಿಲಿಲ್ಲ, ಮೇಲೊಂದು ಕ್ಯಾನ್‌ವಾಸಿನ ಹೊದಿಕೆ, ಅದನ್ನೂ ಮಡಚಿಟ್ಟರೆ ನಾಲ್ಕು ದಿಕ್ಕೂ ಬಯಲು. ಕಾವಲಿನವನಿಗೆ ಕಣ್ಣು ಕಿವಿಗಳೆರಡೂ ತೆರೆದಿರಬೇಕಾದುದರಿಂದ ಅವನು ಆ ಬಯಲನ್ನೇ ಬಯಸುತ್ತಾನೆ. ಬಯಲಿನ ಜೊತೆಗೆ ಬರುವ ಗಾಳಿಯನ್ನೂ ಒಪ್ಪಿಕೊಳ್ಳುತ್ತಾನೆ.

ನಿಂತ ಗಾಳಿಯ ಚಳಿಗೂ ಬೀಸುವ ಗಾಳಿಯ ಚಳಿಗೂ ಇರುವ ಅಂತರ ಎಲ್ಲರ ಅನುಭವಕ್ಕೂ ಬಂದಿರುವುದೇ. ಮನುಷ್ಯನ ಮೈಯ ಕಾವು ಚರ್ಮದ ಸುತ್ತಲಿನ ಗಾಳಿಯ ತೆಳುಪದರವನ್ನು ಬೆಚ್ಚಗೆ ಮಾಡಿರುತ್ತದೆ. ಕಾಣದ ಆ ಪದರವೇ ಅವನ ಮೊದಲ ಹೊದಿಕೆ. ಗಾಳಿ ಬೀಸಿದಾಗ ಆ ಹೊದಿಕೆ ಹಾರಿಹೋಗುತ್ತದೆ, ಮೈ ಮತ್ತೊಂದನ್ನು ನೇಯುತ್ತದೆ, ಅದೂ ಹಾರುತ್ತದೆ. ಈ ನಷ್ಟವನ್ನು ಅಳೆಯುವ ಯತ್ನವನ್ನು ಮೊದಲು ಮಾಡಿದವರು ಅಂಟಾರ್ಕ್ಟಿಕಾ ಖಂಡದಲ್ಲಿ ಬೀಡುಬಿಟ್ಟಿದ್ದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅನ್ವೇಷಕರು. ನೀರು ತುಂಬಿದ ಸಣ್ಣ ಕೊಳವೆಯೊಂದನ್ನು ಗಾಳಿಗೊಡ್ಡಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅವರು 1941ರಲ್ಲಿ ಪರೀಕ್ಷಿಸಿದರು. ಅಮೆರಿಕ ಮತ್ತು ಕೆನಡಾಗಳ ಹವಾಮಾನ ಇಲಾಖೆಗಳು 2001ರಲ್ಲಿ ಆ ಲೆಕ್ಕವನ್ನು ತಿದ್ದಿ ಹೊಸ ಸೂತ್ರವನ್ನು ಒಪ್ಪಿಕೊಂಡವು. ಆ ಸೂತ್ರದಂತೆ, ಉಷ್ಣತೆ 10 ಡಿಗ್ರಿ ಇದ್ದು ಗಾಳಿಯ ವೇಗ ಗಂಟೆಗೆ 20 ಕಿಲೋಮೀಟರ್ ಇದ್ದರೆ ತೆರೆದ ಚರ್ಮಕ್ಕೆ ಅದು ಸುಮಾರು 7 ಡಿಗ್ರಿಯಂತೆ ತೋರುತ್ತದೆ. 40 ಕಿಲೋಮೀಟರಿಗೆ ಸುಮಾರು 6 ಡಿಗ್ರಿ. 60 ಕಿಲೋಮೀಟರಿಗೆ ಸುಮಾರು 5 ಡಿಗ್ರಿ. ಇಲ್ಲಿ ಒಂದು ಸ್ವಾರಸ್ಯವಿದೆ. ನಷ್ಟದ ಬಹುಭಾಗವು ಮೊದಲ 20 ಕಿಲೋಮೀಟರ್ ವೇಗದಲ್ಲಿಯೇ ಆಗಿಹೋಗುತ್ತದೆ. ಮೆಲ್ಲಗೆ ಹೋದರೆ ಚಳಿಯಾಗದೆಂದು ನಂಬಿ ಬರಿಮೈಯಲ್ಲಿ ಜೀಪು ಹತ್ತುವವನ ಲೆಕ್ಕ ತಪ್ಪುವುದು ಇಲ್ಲಿಯೇ.

ಕಾಡುದಾರಿಯ ಚಳಿ ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ. ಮೋಡವಿಲ್ಲದ ಮಾಗಿಯ ಇರುಳಿನಲ್ಲಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲವನ್ನು ತಾಕಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನಂತೆಯೇ ಇಳಿಜಾರನ್ನು ಹುಡುಕುತ್ತ ತಗ್ಗಿಗೆ ಹರಿಯುತ್ತದೆ. ದಿಣ್ಣೆಯ ಮೇಲೆ ತಡೆಯುವಂತಿದ್ದ ಚಳಿ ಹಳ್ಳಕ್ಕಿಳಿದೊಡನೆ ಒಮ್ಮೆಲೆ ಮೊಣಕಾಲು ಹಿಡಿಯುವುದು ಇದರಿಂದಲೇ. ಕೆರೆಯ ಅಂಗಳದಲ್ಲಿ ಮಂಜು ಹಾಲು ಚೆಲ್ಲಿದಂತೆ ನಿಂತಿರುತ್ತದೆ. ಜೀಪು ಅದರೊಳಗೆ ಮುಳುಗಿ ಏಳುತ್ತದೆ. ಹಳೆಯ ಚಾಲಕರು ಹಳ್ಳ ಬರುವ ಮೊದಲೇ ಕುತ್ತಿಗೆಯ ವಸ್ತ್ರವನ್ನು ಬಿಗಿಮಾಡಿಕೊಳ್ಳುತ್ತಾರೆ. ಕಾಡಂಚಿನ ಹಿರಿಯರು ಮನೆಗಳನ್ನು ತಗ್ಗಿನಲ್ಲಿ ಕಟ್ಟದೆ ಏರಿನಲ್ಲಿ ಕಟ್ಟಿಕೊಂಡದ್ದರಲ್ಲಿ ಮಳೆಯ ನೀರಿನ ಭಯದೊಡನೆ ಈ ತಿಳಿವಳಿಕೆಯೂ ಸೇರಿರಬೇಕು.

ಚಳಿಯನ್ನು ಸಹಿಸುವುದೇ ಶೌರ್ಯವೆಂದು ಭಾವಿಸುವ ಯುವಕರುಂಟು. ಆದರೆ ಮೈಯ ಧರ್ಮ ಶೌರ್ಯವನ್ನು ಕೇಳುವುದಿಲ್ಲ. ಹೃದಯ, ಮಿದುಳು ಮುಂತಾದ ಒಳಗಿನ ಅಂಗಗಳನ್ನು ಸುಮಾರು 37 ಡಿಗ್ರಿಯಲ್ಲಿ ಕಾಪಾಡುವುದು ಅದರ ಮೊದಲ ಕರ್ತವ್ಯ. ಅದಕ್ಕಾಗಿ ಕೈಕಾಲುಗಳ ರಕ್ತನಾಳಗಳನ್ನು ಕಿರಿದುಗೊಳಿಸಿ ರಕ್ತವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಬರಗಾಲದಲ್ಲಿ ನಾಲೆಯ ಕೊನೆಯ ಹೊಲಕ್ಕೆ ಮೊದಲು ನೀರು ನಿಲ್ಲುವಂತೆ ಬೆರಳುಗಳಿಗೆ ಮೊದಲು ಕಾವು ನಿಲ್ಲುತ್ತದೆ. ಮರಗಟ್ಟಿದ ಬೆರಳು ಸ್ಟಿಯರಿಂಗನ್ನು ಹಿಡಿದಿರುತ್ತದೆ, ಆದರೆ ಅದರ ಅರಿವು ಮನಸ್ಸಿಗೆ ಮುಟ್ಟುವುದಿಲ್ಲ. ತಿರುವಿನಲ್ಲಿ ಮರಿಯೊಡನೆ ನಿಂತ ಹೆಣ್ಣಾನೆ ಕಂಡಾಗ ಗೇರನ್ನು ಹಿಂದಕ್ಕೆ ಹಾಕಬೇಕಾದ ಕೈ ಒಂದು ಕ್ಷಣ ತಡಮಾಡಿದರೆ ಆ ಕ್ಷಣಕ್ಕೆ ಬೆಲೆ ಕಟ್ಟುವವರಾರು? ಕಾಡಿನ ಚಾಲಕನಿಗೆ ಕೈಚೀಲ ಸೊಗಸಿನ ಉಡುಪಲ್ಲ. ಅದು ಬ್ರೇಕಿನಷ್ಟೇ ಅಗತ್ಯವಾದ ಸಾಧನ. ನಡುಕ ಹತ್ತಿದ ಮೇಲೂ ಚಳಿಯಲ್ಲೇ ಉಳಿದರೆ ಮಾತು ತೊದಲುತ್ತದೆ, ವಿವೇಚನೆ ಮಂಕಾಗುತ್ತದೆ. ತನಗೆ ಏನೂ ಆಗಿಲ್ಲವೆಂದು ವಾದಿಸುವವನೇ ಆಗ ಹೆಚ್ಚು ಅಪಾಯದಲ್ಲಿರುತ್ತಾನೆ.

ಚಳಿಯ ವಿರುದ್ಧ ಮನುಷ್ಯ ಕಂಡುಕೊಂಡ ಆಯುಧಗಳಲ್ಲಿ ಕಂಬಳಿ ಬಹಳ ಹಳೆಯದು. ಕನ್ನಡ ನಾಡಿನ ಕುರುಬರು ದಖನಿ ಕುರಿಗಳ ಉಣ್ಣೆ ಕತ್ತರಿಸಿ, ನೂತು, ಮಗ್ಗದಲ್ಲಿ ನೆಯ್ದು, ಹುಣಿಸೆಬೀಜದ ಗಂಜಿ ಬಳಿದು ಸಿದ್ಧಪಡಿಸಿದ ಕರಿಯ ಕಂಬಳಿ ಹೊಲ ಕಾಯುವವನ ಹೆಗಲಿನಿಂದ ದೇವರ ಗದ್ದುಗೆಯವರೆಗೆ ಎಲ್ಲೆಡೆಯೂ ಸಲ್ಲುವ ವಸ್ತು. ಅದನ್ನು ಗೊಪ್ಪೆ ಹಾಕಿ ತಲೆಯ ಮೇಲಿಂದ ಇಳಿಬಿಟ್ಟರೆ ಮಳೆಗೆ ಕೊಡೆ, ಚಳಿಗೆ ಕೋಟು. ಉಣ್ಣೆಯ ಎಳೆ ನೇರವಾಗಿರದೆ ಸುರುಳಿಸುರುಳಿಯಾಗಿರುವುದರಿಂದ ಎಳೆಗಳ ನಡುವೆ ಗಾಳಿ ಸೆರೆಯಾಗಿ ನಿಲ್ಲುತ್ತದೆ. ಬೆಚ್ಚಗಿಡುವುದು ಉಣ್ಣೆಗಿಂತ ಹೆಚ್ಚಾಗಿ ಆ ನಿಂತ ಗಾಳಿಯೇ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿದರೂ ಉಣ್ಣೆ ಒದ್ದೆಯೆನಿಸುವುದಿಲ್ಲ. ಹತ್ತಿಯ ಬಟ್ಟೆಯಾದರೋ ನೆನೆದೊಡನೆ ಮೈಗಂಟಿ ಕಾವನ್ನು ಕದಿಯತೊಡಗುತ್ತದೆ.

ಇಷ್ಟೆಲ್ಲ ಗುಣವಿದ್ದರೂ ಜೀಪಿನಲ್ಲಿ ಕಂಬಳಿಯೊಂದೇ ಸಾಲದು. ನಿಂತವನಿಗೆ ಅದು ಕೋಟೆ; ಓಡುವ ಬಂಡಿಯಲ್ಲಿ ಅದರ ನೇಯ್ಗೆಯ ಸಂದುಗಳೊಳಗೆ ಗಾಳಿ ನುಸುಳುತ್ತದೆ. ಸೆರೆಯಾದ ಗಾಳಿಯನ್ನು ಹೊರಗಿನ ಗಾಳಿ ಬಿಡಿಸಿಕೊಂಡು ಹೋಗದಂತೆ ಮೇಲೊಂದು ಬಾಗಿಲು ಬೇಕು. ಮಳೆಯಂಗಿಯೋ ಕ್ಯಾನ್‌ವಾಸಿನ ಕೋಟೋ ಆ ಬಾಗಿಲಾಗುತ್ತದೆ. ಬೆವರನ್ನು ಹೊರಗೆ ಸಾಗಿಸುವ ತೆಳುವಾದ ಒಳ ಅಂಗಿ, ನಡುವೆ ಉಣ್ಣೆ, ಮೇಲೆ ಗಾಳಿ ತಡೆಯುವ ಹೊದಿಕೆ ಎಂಬ ಮೂರು ಪದರಗಳ ನಿಯಮವನ್ನು ಪರ್ವತಾರೋಹಿಗಳು ಪಾಲಿಸುತ್ತಾರೆ. ಗುಂಡ್ಲುಪೇಟೆಯ ತರಕಾರಿ ಬಂಡಿಯವನಿಗೂ ಅದು ಹೊಂದುತ್ತದೆ. ಕೊಳ್ಳಲು ಹಣವಿಲ್ಲದವನು ಹಳೆಯ ವೃತ್ತಪತ್ರಿಕೆಯನ್ನು ಮಡಚಿ ಅಂಗಿಯೊಳಗೆ ಎದೆಗಿಟ್ಟುಕೊಂಡು ಮೋಟಾರು ಸೈಕಲ್ ಏರುವುದುಂಟು. ನೋಡಿದವರಿಗೆ ನಗೆ ಬರಬಹುದು. ಆದರೆ ಗಾಳಿಯನ್ನು ತಡೆಯುವ ವಿಷಯದಲ್ಲಿ ಆ ಕಾಗದ ಬೆಲೆಬಾಳುವ ಕೋಟಿಗೆ ಬಹಳ ಹಿಂದೆ ಬೀಳುವುದಿಲ್ಲ.

ಗಸ್ತಿನವನಿಗೆ ಗಾಳಿಗಿಂತಲೂ ಗುಪ್ತನಾದ ಶತ್ರು ಬೆವರು. ಜೀಪು ಹೋಗದ ಕಡೆ ಅವನು ಇಳಿದು ನಡೆಯಬೇಕು. ಲಂಟಾನದ ಪೊದೆಗಳ ನಡುವೆ ಏರು ಹತ್ತುವಾಗ ಚಳಿಗಾಲದಲ್ಲೂ ಬೆನ್ನು ತೊಯ್ಯುತ್ತದೆ. ಮರಳಿ ಬಂದು ಜೀಪು ಹತ್ತಿದಾಗ ಆ ಒದ್ದೆ ಬೆನ್ನಿಗೆ ಗಾಳಿ ಬಡಿಯುತ್ತದೆ. ನೀರು ಕಾವನ್ನು ಸಾಗಿಸುವ ಶಕ್ತಿ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಆದ್ದರಿಂದ ಅನುಭವಿಯು ನಡೆಯುವ ಮುನ್ನ ಒಂದು ಪದರವನ್ನು ಕಳಚಿ ಜೀಪಿನಲ್ಲಿಡುತ್ತಾನೆ. ಹತ್ತುವ ಮುನ್ನ ಮೈಯೊರಸಿ ಅದನ್ನು ಮತ್ತೆ ತೊಡುತ್ತಾನೆ. ಚಳಿಯಾದ ಮೇಲೆ ಹೊದೆಯುವುದಕ್ಕಿಂತ ಚಳಿಯಾಗುವ ಮೊದಲು ಹೊದೆಯುವುದು ಜಾಣತನ. ಮೈ ಕಳೆದುಕೊಂಡ ಕಾವನ್ನು ಕಂಬಳಿ ತಂದುಕೊಡಲಾರದು. ಇರುವುದನ್ನು ಕಾಯಬಲ್ಲದು, ಅಷ್ಟೆ.

ಕಾವಿನ ಮೂಲ ಹೊಟ್ಟೆಯಲ್ಲಿದೆ. ರಾಗಿಮುದ್ದೆ, ಹುರುಳಿಯ ಸಾರು ಉಂಡು ಹೊರಟವನ ಮೈಯೊಳಗೆ ಬಹಳ ಹೊತ್ತು ಒಲೆ ಉರಿಯುತ್ತಿರುತ್ತದೆ. ಬರಿಹೊಟ್ಟೆಯವನಿಗೆ ಎಷ್ಟು ಹೊದೆಸಿದರೂ ನಡುಕ ಬೇಗ ಬರುತ್ತದೆ. ಮದ್ಯ ಕುಡಿದರೆ ಬೆಚ್ಚಗಾಗುವುದೆಂಬ ನಂಬಿಕೆ ಕೆಲವರಲ್ಲಿದೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ. ಕ್ಷಣಕಾಲ ಬಿಸಿಯೆನಿಸುವುದು ಆ ನಷ್ಟದ ಅನುಭವವೇ. ಬೆಂಕಿಯ ವಿಷಯದಲ್ಲಿಯೂ ಎಚ್ಚರ ಬೇಕು. ಬಿಳಿಗಿರಿಯ ಸೋಲಿಗರು ತಮ್ಮ ಗುಡಿಸಿಲಿನಲ್ಲಿ ಇರುಳೆಲ್ಲ ಬೆಂಕಿಯನ್ನು ಆರಗೊಡದೆ ಕಾಯುತ್ತಿದ್ದರು. ಬಿದಿರ ತಡಿಕೆಯ ಸಂದುಗಳಲ್ಲಿ ಹೊಗೆಗೆ ದಾರಿಯಿತ್ತು. ಆದರೆ ಗಾಜು ಏರಿಸಿದ ಬಂಡಿಯೊಳಗೆ ಅಥವಾ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಕಾಡಿನಲ್ಲಂತೂ ನಂದಿಸದೆ ಬಿಟ್ಟ ಒಂದು ಕೊಳ್ಳಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಳ್ಗಿಚ್ಚು ಗೋಪಾಲಸ್ವಾಮಿ ಬೆಟ್ಟದ ವಲಯವೂ ಸೇರಿ ಸಾವಿರಾರು ಎಕರೆಯನ್ನು ಸುಟ್ಟಿತು. ಮಾಗಿಯ ಮುಂಜಾವಿನಲ್ಲಿ ಚಳಿಗೆ ನಡುಗುವ ಕಾವಲುಗಾರನೇ ತಿಂಗಳು ಕಳೆಯುವುದರೊಳಗೆ ಹಸಿರು ಸೊಪ್ಪು ಹಿಡಿದು ಬೆಂಕಿಯೊಡನೆ ಹೋರಾಡಬೇಕಾಗುತ್ತದೆ.

ಚಳಿಯಲ್ಲಿ ಬಂಡಿ ಓಡಿಸುವ ಮಾತು ಬಂದಾಗ ದೂರದ ಕೆನಡಾ ದೇಶದ ಒಂದು ಸಂಗತಿ ನೆನೆಯತಕ್ಕದ್ದು. ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಎಂಬ ಯಂತ್ರಶಿಲ್ಪಿ ಕ್ವಿಬೆಕ್ ಪ್ರಾಂತದ ಹಳ್ಳಿಯೊಂದರಲ್ಲಿದ್ದನು. 1934ರ ಚಳಿಗಾಲದಲ್ಲಿ ಅವನ ಎಳೆಯ ಮಗ ಕಾಯಿಲೆ ಬಿದ್ದನು. ಹಿಮ ತುಂಬಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡಬಲ್ಲ ಬಂಡಿಗಾಗಿ ಅದಾಗಲೇ ಪ್ರಯೋಗ ನಡೆಸುತ್ತಿದ್ದ ತಂದೆ ಆ ಕೆಲಸವನ್ನು ಬಿಡಲಿಲ್ಲ. 1937ರಲ್ಲಿ ಅವನ ಹಿಮಬಂಡಿಗೆ ಹಕ್ಕುಪತ್ರ ದೊರೆಯಿತು. ಜನರನ್ನು ವೈದ್ಯರ ಬಳಿಗೆ, ಮಕ್ಕಳನ್ನು ಶಾಲೆಗೆ ಕರೆದೊಯ್ಯಲು ಅಂಥ ಬಂಡಿಗಳು ನೆರವಾದವು.

ಕ್ವಿಬೆಕ್ಕಿನ ಹಿಮಕ್ಕೂ ಚಾಮರಾಜನಗರದ ಮಂಜಿಗೂ ಹೋಲಿಕೆಯಿಲ್ಲ. ಆದರೆ ದಾರಿಯಿಲ್ಲದ ಊರಿನ ಸಂಕಟ ಎಲ್ಲೆಡೆಯೂ ಒಂದೇ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳಿಂದ ರೋಗಿಗಳನ್ನೂ ಗರ್ಭಿಣಿಯರನ್ನೂ ಡೋಲಿಯಲ್ಲಿ ಹೊತ್ತುತಂದ ಸುದ್ದಿ ಇತ್ತೀಚಿನ ವರ್ಷಗಳಲ್ಲಿಯೂ ಪತ್ರಿಕೆಗಳಲ್ಲಿ ಬಂದಿದೆ. ಅಂಥ ಕಡೆ ಅಪರಾತ್ರಿಯಲ್ಲಿ ಜೀಪೊಂದು ಬಂದು ನಿಂತರೆ ಅದೇ ಭಾಗ್ಯ. ಆಗ ಬೆಚ್ಚಗಿಡುವ ವಿದ್ಯೆ ಸುಖದ ವಿಷಯವಾಗಿ ಉಳಿಯುವುದಿಲ್ಲ. ನಿತ್ರಾಣನಾದ ರೋಗಿಯ ಮೈ ನಡುಗುವ ಶಕ್ತಿಯನ್ನೂ ಕಳೆದುಕೊಂಡಿರುತ್ತದೆ. ಹೊಸದಾಗಿ ಹುಟ್ಟಿದ ಶಿಶುವಿಗಂತೂ ನಡುಗಲು ಬಾರದು. ಮೈ ಚಿಕ್ಕದು, ಕಾವು ಬೇಗ ಆರುತ್ತದೆ. ಅದಕ್ಕೆ ಮಿಗಿಲಾದ ಕಂಬಳಿಯೆಂದರೆ ತಾಯಿಯ ಎದೆ. ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯ ಎಡ್ಗರ್ ರೇ 1978ರಲ್ಲಿ, ಆಸ್ಪತ್ರೆಯಲ್ಲಿ ಕಾವುಪೆಟ್ಟಿಗೆಗಳು ಸಾಲದಿದ್ದಾಗ, ತೂಕ ಕಡಿಮೆಯಿದ್ದ ಶಿಶುಗಳನ್ನು ತಾಯಂದಿರ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದನು. ‘ಕಾಂಗರೂ ಆರೈಕೆ’ ಎಂಬ ಹೆಸರಿನಿಂದ ಆ ಪದ್ಧತಿ ಇಂದು ಜಗತ್ತಿನಲ್ಲೆಲ್ಲ ಮನ್ನಣೆ ಪಡೆದಿದೆ. ತೆರೆದ ಜೀಪಿನಲ್ಲಿ ಬಾಣಂತಿ, ಶಿಶುಗಳನ್ನು ಕರೆತರುವವರು ಮಗುವನ್ನು ಒಣಗಿದ ಬಟ್ಟೆಯಿಂದ ಒರಸಿ, ತಲೆ ಮುಚ್ಚಿ, ಉಸಿರಿಗೆ ಮೂಗುಬಾಯಿಗಳನ್ನು ತೆರೆದಿಟ್ಟು, ತಾಯಿಯ ಎದೆಗೊತ್ತಿ, ಇಬ್ಬರ ಮೇಲೂ ಒಂದೇ ಕಂಬಳಿ ಹೊದೆಸಿದರೆ ಅರ್ಧ ಚಿಕಿತ್ಸೆ ದಾರಿಯಲ್ಲೇ ದೊರೆತಂತೆ.

ತೆರೆದ ಜೀಪಿನಲ್ಲಿ ಎಲ್ಲರ ಪಾಲಿಗೂ ಚಳಿ ಸಮವಲ್ಲ. ಎಂಜಿನಿನ ಹತ್ತಿರ ಕುಳಿತವನ ಕಾಲಿಗೆ ಒಂದಿಷ್ಟು ಕಾವು ದೊರೆಯುತ್ತದೆ. ಅಂಚಿನಲ್ಲಿ ಕುಳಿತವನು ಗಾಳಿಯ ಪೆಟ್ಟನ್ನೆಲ್ಲ ತಾನೇ ತಿನ್ನುತ್ತಾನೆ. ಅವನ ಮೈಯೇ ಒಳಗಿನವರಿಗೆ ಮರೆಯಾಗುತ್ತದೆ. ಇದನ್ನು ಬಲ್ಲ ತಂಡದವರು ದಾರಿಯ ನಡುವೆ ಜೀಪು ನಿಲ್ಲಿಸಿ ಜಾಗ ಬದಲಿಸಿಕೊಳ್ಳುತ್ತಾರೆ. ಅಂಚಿನವನು ನಡುವಿಗೆ ಬರುತ್ತಾನೆ, ನಡುವಿನವನು ಅಂಚಿಗೆ ಹೋಗುತ್ತಾನೆ. ಯಾರೂ ಅದನ್ನು ಉಪಕಾರವೆಂದು ಎಣಿಸುವುದಿಲ್ಲ. ಯಾವ ಉಣ್ಣೆಯೂ ಮಾಡಲಾಗದ ಕೆಲಸವನ್ನು ಈ ಸಣ್ಣ ನಡವಳಿಕೆ ಮಾಡುತ್ತದೆ.

ಊರಿನ ಮಂದಿ ಎಚ್ಚರಗೊಳ್ಳುವ ವೇಳೆಗೆ ಗೇಟು ತೆರೆದಿರುತ್ತದೆ. ತರಕಾರಿಯ ಬಂಡಿಗಳು ಘಟ್ಟದ ಕಡೆಗೆ ಸಾಗಿರುತ್ತವೆ. ಇರುಳ ಗಸ್ತಿನ ಜೀಪು ಮಂಜಿನಲ್ಲಿ ತೊಯ್ದು ಶಿಬಿರಕ್ಕೆ ಮರಳಿರುತ್ತದೆ. ಬಿಸಿಲಿಗೆ ಮೈಯೊಡ್ಡಿ ‘ಈ ಸಲ ಅಂಥ ಚಳಿಯೇನೂ ಇಲ್ಲ’ ಎನ್ನುವವರು ಒಂದನ್ನು ನೆನೆದರೆ ಒಳಿತು. ಆ ಚಳಿ ಇಲ್ಲದೆ ಹೋಗಿಲ್ಲ; ಅವರ ಪಾಲಿನದನ್ನು ಅಂಚಿನಲ್ಲಿ ಕುಳಿತ ಯಾರೋ ತಡೆದಿದ್ದಾರೆ.